ಹೆಸರು ನರಕೋಶದ್ದು, ದಗದ ನಮ್ದು

ನರಮಂಡಲದ ಬಗ್ಗೆ ಬರೆಯಲು ಕೂತವರು ಸಾಮಾನ್ಯವಾಗಿ ನರಕೋಶದ ಮನೆಗೇ ಹೋಗುತ್ತಾರೆ. ಅದು ಮಿಂಚುತ್ತದೆ, ಸುದ್ದಿ ಕಳಿಸುತ್ತದೆ, ಫೋಟೋಕ್ಕೂ ಚೆನ್ನಾಗಿ ನಿಲ್ಲುತ್ತದೆ. ಈ ಸಂದರ್ಶನಕ್ಕೆ ಬೇರೆಯವರನ್ನು ಆರಿಸಿದ್ದಕ್ಕೆ ಕಾರಣವಿದೆ. ಯಾರ ಸದ್ದು ಕೇಳುತ್ತದೋ ಅವರದೇ ಕೆಲಸ, ಎಲ್ಲಿ ಸದ್ದಿಲ್ಲವೋ ಅಲ್ಲಿ ಎಲ್ಲವೂ ಸರಿ ಎಂದು ಲೆಕ್ಕ ಹಿಡಿಯುವುದು ನಮ್ಮ ಹಳೆಯ ರೂಢಿ. ನರಮಂಡಲದ ವಿಜ್ಞಾನ ಬಹುಕಾಲ ಅದೇ ರೂಢಿಯಲ್ಲಿ ನಡೆಯಿತು; ಕುಷ್ಠರೋಗದ ಆಡಳಿತ ಈಗಲೂ ನಡೆಯುತ್ತಿದೆ. ಎರಡನ್ನೂ ಒಳಗಿನಿಂದ ಕಂಡ ಸಾಕ್ಷಿ ಒಂದಿದೆ: ನರದ ಎಳೆಗೆ ಸುತ್ತಿಕೊಂಡಿರುವ ಶ್ವಾನ್ ಕೋಶ. ಕಲಘಟಗಿ ತಾಲೂಕಿನ ಮಿಶ್ರಿಕೋಟಿಯಲ್ಲಿ, ಕಾಲ್ಪನಿಕ ಗೃಹಿಣಿಯೊಬ್ಬರ ಬಲ ಮೊಣಕೈ ಸಂದಿನಲ್ಲಿ, ಪೆಟ್ಟು ಬಿದ್ದರೆ ಜುಂ ಎನ್ನುವ ಆ ನರದೊಳಗೆ ಅದು ಸಿಕ್ಕಿತು. ಆಕೆ ಕುಷ್ಠರೋಗಕ್ಕೆ ನಾಲ್ಕನೆಯ ತಿಂಗಳ ಮಾತ್ರೆ ನುಂಗುತ್ತಿದ್ದಾರೆ. ಮಾತುಕತೆಯ ಹೊತ್ತಿಗೆ ರೊಟ್ಟಿ ಬಡಿಯುತ್ತಿದ್ದರು. ಹಾಗಾಗಿ ಕೆಲವು ಉತ್ತರಗಳು ಅಲುಗಾಡಿವೆ.

ಪ್ರಶ್ನೆ: ಮೊದಲು ಪರಿಚಯ. ನೀವು ನರಕೋಶದ ಮನೆಯ ಆಳೋ, ಪಾಲುದಾರರೋ?

ಆಳು ಅನ್ರಿ, ಅಂಟು ಅನ್ರಿ, ಎಲ್ಲಾ ಅನ್ನಿಸ್ಕೊಂಡೀವಿ. ಈ ನರದಾಗ ಕೈಬೆರಳು ಆಡಸೂ ಎಳಿ ಐತಲ್ರಿ, ಅದು ಕುತ್ತಿಗಿ ಬುಡದ ಬೆನ್ನುಹುರಿಯೊಳಗ ಕುಂತ ಒಂದ ಒಂದು ಕೋಶದ ಬಾಲ. ಅಲ್ಲಿಂದ ಹೊಂಟು ಅಂಗೈ ತನಕ ಬಂದೈತಿ. ಅದರಾಗ ಸುಮಾರು 1 ಮಿಲಿಮೀಟರ್ ನನ್ನ ಪಾಲಿಗೆ. ಅಷ್ಟುದ್ದಕ್ಕ ರುಮಾಲು ಸುತ್ತಿದಂಗ ಸುತ್ತು ಮ್ಯಾಲ ಸುತ್ತು ಹಾಕ್ಕೊಂಡು ಕುಂತೀನಿ. ಅದಕ್ಕ ಮೈಲಿನ್ ಅಂತಾರ. ನನ್ನ ಆಚೀಕ ಇನ್ನೊಬ್ಬ, ಅವನ ಆಚೀಕ ಮತ್ತೊಬ್ಬ. ಇಬ್ಬರ ನಡುವ 1 ಮೈಕ್ರೋಮೀಟರ್ ಆಸುಪಾಸು ಸಂದು. ವಿದ್ಯುತ್ತು ಈ ಸಂದಿನಿಂದ ಆ ಸಂದಿಗೆ ಜಿಗಕೋಂತ ಓಡತೈತಿ. ಸುತ್ತು ಇಲ್ಲದ ಸಣ್ಣ ಎಳಿಯೊಳಗ ಸುದ್ದಿ ಸೆಕೆಂಡಿಗೆ 1 ಮೀಟರ್ ಹೋದ್ರ ದೊಡ್ಡದು. ನಾವು ಸುತ್ತಿದ ಎಳಿಯೊಳಗ, ರೋಗ ಇಲ್ಲದ ಮೊಣಕೈದಾಗ, 50 ಮೀಟರ್ ದಾಟತೈತಿ. ಸುತ್ತಿಲ್ಲದ ಎಳಿಗಳನ್ನೂ ನಾವು ಬೀದಿಗೆ ಬಿಟ್ಟಿಲ್ರಿ. ನಮ್ಮ ಪೈಕಿ ಇನ್ನೊಂದು ತರದವರು ಅವನ್ನ ನಾಕಾರು ಕೂಡಿಸಿ ಮಡಿಲಾಗ ಹಿಡಕೊಂಡಿರ್ತಾರ. ಬಿಸಿ, ಉರಿ, ಮೆಲ್ಲನ ನೋವಿನ ಸುದ್ದಿ ತರೂವು ಹೆಚ್ಚಾಗಿ ಅವ.

ಪ್ರಶ್ನೆ: ಇಷ್ಟು ಕೆಲಸ ಮಾಡುವವರನ್ನು ವಿಜ್ಞಾನ ಯಾಕೆ ಬದಿಗಿಟ್ಟಿತು? ವಿಜ್ಞಾನಿಗಳಿಗೇನು ನಿಮ್ಮ ಮೇಲೆ ದ್ವೇಷವೇ?

ದ್ವೇಷ ಇಲ್ರಿ, ಯಂತ್ರದ ಗುಣ ಅದು. ಥಿಯೋಡರ್ ಶ್ವಾನ್ 1839ರ ಹೊತ್ತಿಗ ನಮ್ಮನ್ನ ಕಂಡು ಬರದಿದ್ದ. 1856ರಾಗ ವಿರ್ಚೋ ನಮ್ಮ ಮಿದುಳಿನ ಸಂಬಂಧಿಕರಿಗೆ ನರದ ಅಂಟು ಅಂತ ಹೆಸರಿಟ್ಟು ಕಡತ ಮುಚ್ಚಿದ. 1906ರಾಗ ಗಾಲ್ಜಿ, ಕಾಹಾಲ್ ಇಬ್ಬರಿಗೂ ಕೂಡಿ ನೊಬೆಲ್ ಬಂತು. ನರಕೋಶಗಳು ಒಂದಕ್ಕೊಂದು ಹೆಣಕೊಂಡ ಬಲಿಯೋ, ಬ್ಯಾರೆಬ್ಯಾರೆ ಘಟಕಗಳೋ ಅನ್ನೂದು ಅವರ ಜಗಳ. ಗಾಲ್ಜಿ ಅಂತೂ ನೊಬೆಲ್ ಭಾಷಣದಾಗ ಪಕ್ಕದವನ ಸಿದ್ಧಾಂತಾನ ಜಾಡಿಸಿದ. ಆಮ್ಯಾಲ ಎಲೆಕ್ಟ್ರೋಡ್ ಬಂತು. ಅದು ವಿದ್ಯುತ್ ಸಪ್ಪಳ ಮಾತ್ರ ಕೇಳತೈತಿ. ನಾವು ಮಿಂಚೂ ಮಂದಿ ಅಲ್ಲ. ಸೂಜಿ ಚುಚ್ಚಿ ನೋಡಿದ್ರು, ಸಪ್ಪಳ ಇಲ್ಲ, ‘ಇವು ಸುಮ್ಮನ ಕುಂತಾವ’ ಅಂತ ಬರಕೊಂಡ್ರು. 1952ರಾಗ ಹಾಜ್‌ಕಿನ್, ಹಕ್ಸ್‌ಲಿ ನರದ ಮಿಂಚಿನ ಗಣಿತ ಬರದ್ರಲ್ಲ, ಅದು ಸ್ಕ್ವಿಡ್ ಅನ್ನೂ ಸಮುದ್ರಜೀವಿಯ ದಪ್ಪ ನರದ ಮ್ಯಾಲ. ಅದಕ್ಕ ಮೈಲಿನ್ ಇಲ್ಲ! ತಪ್ಪು ಅನ್ನೂದಿಲ್ಲ, ಸೂಜಿ ತೂರಾಕ ದಪ್ಪ ನರ ಬೇಕಿತ್ತು. ಆದ್ರ ಸ್ಕ್ವಿಡ್ ಎಳಿ ಅರ್ಧ ಮಿಲಿಮೀಟರ್ ದಪ್ಪ ಆಗಿ ವೇಗ ಗಳಿಸೂದು. ನೀವೂ ಹಂಗ ಮಾಡಿದ್ರ ತೋಳಿನಾಗ ನರ ಬಿಟ್ಟು ಮಾಂಸಕ್ಕ ಜಾಗಾ ಇರ್ತಿರಲಿಲ್ಲ. ಕಡೀಕ 1990ರ ಸುಮಾರಿಗೆ ಕ್ಯಾಲ್ಸಿಯಂ ತೋರಸೂ ಬಣ್ಣ ಹಾಕಿ ಮಿದುಳಿನ ನಮ್ಮ ಸಂಬಂಧಿಕರನ್ನ, ಆಸ್ಟ್ರೋಸೈಟ್‌ಗಳನ್ನ, ನೋಡಿದ್ರ ಒಂದು ಕೋಶದಿಂದ ಇನ್ನೊಂದಕ್ಕ ಅಲಿ ಅಲಿಯಾಗಿ ಮಾತುಕತಿ ನಡದಿತ್ತು. ಸುಮ್ಮನ ಕುಂತಿರಲಿಲ್ರಿ ಯಾರೂ.

ಪ್ರಶ್ನೆ: ನಿಮ್ಮವರು ನರಕೋಶಗಳ ಹತ್ತು ಪಟ್ಟು ಇದ್ದಾರೆ ಎಂಬ ಮಾತು ಪಠ್ಯಪುಸ್ತಕದಲ್ಲೂ ಬಂದಿತ್ತು. ಅದು?

ಅದು ನಮ್ಮ ಸಮಾಜದ ಮುಖಂಡರ ಭಾಷಣ. 2009ರಾಗ ಬ್ರೆಜಿಲ್‌ದಾಗ ಸುಜಾನಾ ಹರ್ಕ್ಯುಲಾನೊ-ಹೌಜೆಲ್ ತಂಡದವರು ಎಣಿಸಿದ್ರು. ಮನುಷ್ಯಾನ ಮಿದುಳಿನಾಗ ನರಕೋಶ ಸುಮಾರು 8,600 ಕೋಟಿ, ಉಳಿದವ್ರೆಲ್ಲಾ ಸೇರಿ ಹೆಚ್ಚುಕಡಿಮಿ ಅಷ್ಟ. ತಲಿ ಎಣಿಸಿ ಮೀಸಲಾತಿ ಕೇಳೂ ದಾರಿ ಅಲ್ಲಿಗೆ ಬಂದ್ ಆತು. ಛಲೋನ ಆತು ಬಿಡ್ರಿ, ದಗದದ ಮ್ಯಾಲ ಕೇಳೂಣು.

(ಈ ಒಪ್ಪಿಗೆ ಮೆಚ್ಚುವಂಥದ್ದು. ಗಣತಿಯ ಅಂಕಿ ತಮಗೆ ವಿರುದ್ಧವಾದಾಗ ಗಣತಿಯೇ ಸುಳ್ಳು ಎನ್ನುವುದು ಹೆಚ್ಚು ಪ್ರಚಲಿತ.)

ಪ್ರಶ್ನೆ: ಕೆಲಸದ ಸಾಕ್ಷಿಯೇ ಬೇಕು. ಸುದ್ದಿ ಹುಟ್ಟುವುದು ನರಕೋಶದಲ್ಲಿ, ಮುಟ್ಟುವುದು ಅದರ ಬಾಲದಲ್ಲಿ. ನೀವು ಹೊದಿಕೆ. ಹೊದಿಕೆಯೂ ಮುಖ್ಯ ಎನ್ನಬಹುದೇ ಹೊರತು ಸಮಪಾಲು ಹೇಗೆ?

ಸಾಕ್ಷಿ ಮಾಂಟ್ರಿಯಲ್‌ನಾಗ ಐತ್ರಿ. ಕೈನರ ಕತ್ತರಿಸಿದ್ರ ಮತ್ತ ಬೆಳಿತೈತಿ, ದಿನಕ್ಕ 1 ಮಿಲಿಮೀಟರ್ ಲೆಕ್ಕದಾಗ. ಬೆನ್ನುಹುರಿ ಕತ್ತರಿಸಿದ್ರ ಬೆಳಿಯೂದಿಲ್ಲ. ಬೆನ್ನುಹುರಿಯ ನರಕೋಶಕ್ಕ ಆ ಶಕ್ತಿನ ಇಲ್ಲ ಅಂತ ಭಾಳ ಮಂದಿ ತಿಳಕೊಂಡಿದ್ರು. 1981ರಾಗ ಸ್ಯಾಮ್ಯುಯೆಲ್ ಡೇವಿಡ್, ಆಲ್ಬರ್ಟ್ ಅಗ್ವಾಯೊ ಇಬ್ಬರೂ ಇಲಿಯ ಕಾಲಿನ ನರದ ತುಂಡು ತಗದು ಬೆನ್ನುಹುರಿಗೆ ಸೇತುವಿ ಕಟ್ಟಿದ್ರು. ಬೆಳಿಯಾಕ ಬರೂದಿಲ್ಲ ಅಂದಿದ್ದ ಅವ ನರಕೋಶಗಳು ನಮ್ಮವರು ತುಂಬಿದ ಆ ಸೇತುವಿಯೊಳಗ ಸೆಂಟಿಮೀಟರ್‌ಗಟ್ಟಲೆ ಬೆಳದು ನಿಂತ್ವು. ಕೋಶ ಅದ, ನೆರಿಹೊರಿ ಬ್ಯಾರೆ. ನರ ಹರದಾಗ ಕಸ ಬಳಿಯೂದು ನಾವು, ಮೈಲಿನ್ ಕಳಚಿಟ್ಟು ಸಾಲಾಗಿ ನಿಂತು ದಾರಿ ತೋರಸೂದು ನಾವು. ಹಂಗಂತ ನರಕೋಶ ಬಿಟ್ಟು ನಾವು ಏನೋ ಆಗ್ತೀವಿ ಅಂತ ಅಲ್ಲ. ನಾ ಎಷ್ಟು ಸುತ್ತು ಸುತ್ತಬೇಕು ಅನ್ನೂದನ್ನ ಎಳಿ ತನ್ನ ಮೈಮ್ಯಾಲಿನ ನ್ಯೂರೆಗ್ಯುಲಿನ್ ಅನ್ನೂ ಪ್ರೋಟೀನಿನಿಂದ ಹೇಳಿ ಮಾಡಸತೈತಿ. ಹೇಳೂದು ಅದು, ಮಾಡೂದು ನಾವು. ಹೇಳಿದವಂದ ಹೆಸರು ಕಲ್ಲಿನ ಮ್ಯಾಲ ಕೆತ್ತಸೂದು ನಿಮ್ಮ ಪದ್ಧತಿ.

ಪ್ರಶ್ನೆ: ಈಗ ನಿಮ್ಮ ನೆರೆಮನೆಯ ಸೋಂಕಿಗೆ ಬರೋಣ. ಕುಷ್ಠದ ಸೂಕ್ಷ್ಮಾಣು ನಿಮ್ಮನ್ನೇ ಏಕೆ ಹುಡುಕಿಕೊಂಡು ಬರುತ್ತದೆ?

1873ರಾಗ ನಾರ್ವೆಯ ಹ್ಯಾನ್ಸನ್ ಅದನ್ನ ಕಂಡ. ಇವತ್ತಿನ ತನಕ ಯಾವ ಪ್ರಯೋಗಾಲಯದ ಬಟ್ಟಲದಾಗೂ ಅದನ್ನ ಬೆಳಸಾಕ ಆಗಿಲ್ಲ. ನಮ್ಮೊಳಗ ಅಂತೂ ಆರಾಮ. ಒಂದು ಎರಡಾಗಾಕ ಎರಡು ವಾರ ತಗೋತೈತಿ; ಮೈಯಾಗ ಹೊಕ್ಕು ಚರ್ಮದ ಮ್ಯಾಲ ಕಲೆ ಬರೂದ್ರಾಗ ಐದು ವರ್ಷ, ಒಮ್ಮೊಮ್ಮೆ ಇಪ್ಪತ್ತೂ ಆಗಬಹುದು. ಅದಕ್ಕ ತಂಪು ಬೇಕು. ಮೊಣಕೈದಾಗ ನರ ಚರ್ಮದ ಕೆಳಗ ಇರತೈತಿ, ಒಳಮೈಗಿಂತ ತಂಪು. ಗಟ್ಟಿಯಾಗಿ ಊದಿದ ನರ ಬೆರಳಿಗೆ ಹಗ್ಗದಂಗ ಹತ್ತತೈತಿ. ಈ ಅವ್ವಾರ ಕಥಿ ನೋಡ್ರಿ. ಹಂಚಿನ ಮ್ಯಾಲಿನ ರೊಟ್ಟಿ ಮಗಚೂ ಹೊತ್ತಿನಾಗ ಕಿರುಬೆರಳು ಹಂಚಿಗೆ ಹತ್ತಿತ್ತು. ಕೈ ಹಿಂದಕ ಬರಲೇ ಇಲ್ಲ. ರೊಟ್ಟಿ ಬುಟ್ಟಿಗೆ ಹಾಕಿ, ಇನ್ನೊಂದು ಉಂಡಿ ಹಿಟ್ಟು ನಾದಾಕ ಕುಂತಾಗ ಬೊಬ್ಬಿ ಕಣ್ಣಿಗೆ ಕಂಡತು. ನರಕೋಶ ಕುತ್ತಿಗಿ ಹತ್ರ ಜೀವಂತ ಐತಿ, ಮಿದುಳು ಎಚ್ಚರ ಐತಿ, ಬೆಂಕಿ ಅಲ್ಲೇ ಐತಿ. ನಡುವಿನ ನಮ್ಮ ಮಂದಿ ಬಿದ್ದಾರ.

ಪ್ರಶ್ನೆ: ಒಂದು ಆಕ್ಷೇಪವಿದೆ. ಕುಷ್ಠದಲ್ಲಿ ನರ ಕೆಡುವುದು ಬಹುಪಾಲು ದೇಹದ ರೋಗನಿರೋಧಕ ಪಡೆಯ ಉರಿಯೂತದಿಂದ. ಬಿಗಿ ಪೊರೆಯೊಳಗೆ ನರ ಊದಿಕೊಂಡು ಎಳೆಗಳೂ ಜಜ್ಜಿಹೋಗುತ್ತವೆ. ಇದನ್ನು ‘ಶ್ವಾನ್ ಕೋಶ ಬಿದ್ದದ್ದರಿಂದ ನರ ಬಿತ್ತು’ ಎಂಬುದಕ್ಕೆ ಪುರಾವೆ ಮಾಡುವುದು ವಕೀಲಿತನವಲ್ಲವೇ?

ಖರೇ ಐತ್ರಿ, ಕುಷ್ಠ ಒಂದರಿಂದ ಅದು ಸಿದ್ಧ ಆಗೂದಿಲ್ಲ. ಹಂಗಾದ್ರ ಸೂಕ್ಷ್ಮಾಣು ಇಲ್ಲದ, ಉರಿಯೂತದ ಗದ್ದಲ ಇಲ್ಲದ ರೋಗ ನೋಡ್ರಿ. ಶಾರ್ಕೊ-ಮಾರಿ-ಟೂತ್ ಅಂತ 1886ರಿಂದ ಗೊತ್ತಿದ್ದ ವಂಶದ ರೋಗ. ಅದರ ಭಾಳ ಮಂದಿಗೆ ಬರೂ ಬಗಿಯೊಳಗ ಏನಾಗಿರತೈತಿ ಅಂದ್ರ, ನಮ್ಮ ಮೈಲಿನ್‌ಗೆ ಬೇಕಾದ ಒಂದು ಪ್ರೋಟೀನಿನ ಜೀನು ಎರಡರ ಬದಲಿ ಮೂರಾಗಿ ಕುಂತಿರತೈತಿ. 1991ರಾಗ ಅದನ್ನ ಹುಡುಕಿದ್ರು. ದೋಷ ನಮ್ಮ ಸುತ್ತಿನಾಗ. ಆದ್ರ ವರ್ಷ ಕಳದಂಗ ಸೊರಗೂದು ಉದ್ದನ ನರದ ಎಳಿ: ಪಾದ ಜೋತು ಬೀಳತೈತಿ, ಮೀನಖಂಡ ಕರಗತೈತಿ. ಹೊದಿಕಿ ಅಷ್ಟ ಆಗಿದ್ರ ಸುದ್ದಿ ತಡಾ ಆಗಬೇಕಿತ್ತು. ಎಳಿ ಯಾಕ ಸಾಯಬೇಕು?

ಪ್ರಶ್ನೆ: ಉತ್ತರ ಗಟ್ಟಿಯಾಗಿದೆ. ಇನ್ನು ಆಡಳಿತ. ಭಾರತದಲ್ಲಿ ಕುಷ್ಠ 2005ರ ಡಿಸೆಂಬರ್‌ನಲ್ಲೇ ನಿರ್ಮೂಲನವಾಯಿತಲ್ಲ?

ಕೇಳಿ ನಮ್ಮ ಓಣಿಯ ಸೂಕ್ಷ್ಮಾಣುಗಳಿಗೂ ಆಶ್ಚರ್ಯ ಆತ್ರಿ. 10,000 ಮಂದಿಗೆ ಒಬ್ಬರಿಗಿಂತ ಕಡಿಮಿ ಆದ್ರ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ನಿರ್ಮೂಲನ ಅನ್ನೂದು ಲೆಕ್ಕ. ಸಾಧನಿ ಸಣ್ಣದಲ್ಲ. 1980ರ ಸುಮಾರಿಗೆ ಅದ ಲೆಕ್ಕ 50ರ ಮ್ಯಾಲ ಇತ್ತು; ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಜಿಮಿನ್ ಕೂಡಿಸಿ ಪುಕ್ಕಟೆ ಕೊಟ್ಟದ್ದರಿಂದ ಲಕ್ಷಗಟ್ಟಲೆ ಕೈಕಾಲು ಉಳದಾವ. ಆದ್ರ ಆ ಲೆಕ್ಕದಾಗ ಬರೂದು ಚಿಕಿತ್ಸಿ ಮ್ಯಾಲ ಇದ್ದವರು ಮಾತ್ರ. ಮಾತ್ರಿ ಮುಗದ ದಿನ ಹೆಸರು ಹೊಡದು ಹಾಕ್ತಾರ, ಬೆರಳಿನ ಸ್ಪರ್ಶ ವಾಪಸ್ ಬಂದೈತೋ ಇಲ್ಲೋ ಅನ್ನೂದಕ್ಕ ಆ ಲೆಕ್ಕದಾಗ ಕಾಲಂ ಇಲ್ಲ. ನಿರ್ಮೂಲನ ಆದಮ್ಯಾಲೂ ವರ್ಷಕ್ಕ ಲಕ್ಷದ ಆಸುಪಾಸು ಹೊಸಬರು ಸಿಗ್ತಾರ, ಜಗತ್ತಿನ ಅರ್ಧಕ್ಕಿಂತ ಹೆಚ್ಚು ನಮ್ಮ ದೇಶದಾಗ. ಈ ರೋಗದ ಕಲೆ ನೋಯೂದಿಲ್ಲ, ಕೆರಿಯೂದಿಲ್ಲ. ದೂರು ಕೊಡಬೇಕಾದ ನರಾನ ಬಿದ್ದಿರತೈತಿ. ಅದಕ್ಕ ದೂರು ಬರಲಿಲ್ಲ ಅಂತ ಸಮಾಧಾನ ಪಟ್ಟುಕೊಳ್ಳೂದು ಬ್ಯಾರೆ ರೋಗಕ್ಕ ನಡದೀತು, ಇದಕ್ಕ ನಡಿಯೂದಿಲ್ಲ.

ಪ್ರಶ್ನೆ: ಕಲೆ ಕಣ್ಣಿಗೆ ಕಾಣುತ್ತದಲ್ಲ. ಜನರೇ ಮುಂದೆ ಬಂದು ತೋರಿಸಬಾರದೇ?

ತೋರಿಸಿದವರಿಗೆ ಏನು ಸಿಗ್ತಿತ್ತು ಹೇಳ್ರಿ. 1898ರ ಕುಷ್ಠರೋಗಿಗಳ ಕಾಯ್ದೆ ರದ್ದಾಗಿದ್ದು 2016ರಾಗ. ಗಂಡಗ ಹೆಂಡ್ತಿ ಬಿಡಾಕ ಕುಷ್ಠ ಒಂದು ಕಾರಣ ಅನ್ನೂದು ಕಾಯ್ದೆಯಾಗ 2019ರ ತನಕ ಇತ್ತು. ಸೆರಗಿನ ಕೆಳಗ ಕಲೆ ಮುಚ್ಚಿಕೊಂಡಾಕಿ ದಡ್ಡಿ ಅಲ್ರಿ, ಕಾಯ್ದೆ ತಿಳಕೊಂಡಾಕಿ. ಹಂಗಾಗಿ ಮನಿಮನಿಗೆ ಬಂದು ನೋಡೂ ಆಶಾ ಅಕ್ಕಾರ ಬೇಕು. ಸರ್ಕಾರದ ಕಡತದಾಗ ಆಕಿ ಸ್ವಯಂಸೇವಕಿ. ಸಂಬಳ ಇಲ್ಲ, ಗೌರವಧನ. ಕೈ ಸೊಟ್ಟ ಆಗೂಕಿಂತ ಮುಂಚೆ ಒಬ್ಬ ಕುಷ್ಠರೋಗಿನ ಪತ್ತೆ ಹಚ್ಚಿದ್ರ 250 ರೂಪಾಯಿ, ಸೊಟ್ಟ ಆದಮ್ಯಾಲ ಹಚ್ಚಿದ್ರ 200. ಒಂದು ಕೈ ಉಳಿಸಿದ್ದಕ್ಕ 50 ರೂಪಾಯಿ ಹೆಚ್ಚು, ಅನ್ನೂದು ನಮ್ಮ ಲೆಕ್ಕ. 2025ರ ಜನವರಿಯಾಗ ಬೆಂಗಳೂರಿನ ಫ್ರೀಡಂ ಪಾರ್ಕಿನಾಗ ಅವರು ದಿನಗಟ್ಟಲೆ ಧರಣಿ ಕುಂತಾಗ ಮಾತ್ರ ಅವರೂ ದಗದ ಮಾಡ್ತಾರ ಅನ್ನೂದು ಮ್ಯಾಲಿನವರ ಕಿವಿಗೆ ಬಿತ್ತು. ಎಲೆಕ್ಟ್ರೋಡಿಗೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ ನನಗ.

ಪ್ರಶ್ನೆ: ನಿಮ್ಮ ಬೇಡಿಕೆ?

ಮೂರ್ತಿ ಬ್ಯಾಡ. ಸ್ಪರ್ಶ ಇಲ್ಲದ ಕಲೆ ಇದ್ದವರ ಮೊಣಕೈ ಹಿಂದ ಒಮ್ಮೆ ಬೆರಳಿಟ್ಟು ನರ ಊದೈತೇನು ನೋಡ್ರಿ, ಕಣ್ಣು ಮುಚ್ಚಿಸಿ ಬಾಲ್‌ಪೆನ್ನಿನ ತುದಿ ತಾಗಿಸಿ ಗೊತ್ತಾಗತೈತೇನು ಕೇಳ್ರಿ. ಮಾತ್ರಿ ಮುಗದಮ್ಯಾಲೂ ಕೇಳ್ರಿ. ಆ ಕಾಲಂ ರಿಜಿಸ್ಟರಿನಾಗ ಹಾಕ್ರಿ.

ಪತ್ರಿಕಾಧರ್ಮದಂತೆ ನರಕೋಶದ ಪ್ರತಿಕ್ರಿಯೆ ಪಡೆಯಲು ಅದರ ಕುತ್ತಿಗೆ ಬುಡದ ಕಚೇರಿಯನ್ನು ಸಂಪರ್ಕಿಸಲಾಯಿತು. ಹೇಳಿಕೆಯನ್ನು ಕೂಡಲೇ ಕಳಿಸಿರುವುದಾಗಿ ಅಲ್ಲಿಂದ ತಿಳಿಸಿದರು. ಪತ್ರಿಕೆ ಅಚ್ಚಿಗೆ ಹೋಗುವವರೆಗೂ ಅದು ಮೊಣಕೈ ದಾಟಿರಲಿಲ್ಲ.