ಪಕ್ಷಪಾತಿ

ಪಕ್ಷಪಾತವು ದೋಷವೆಂದು ನೀತಿಶಾಸ್ತ್ರಗಳು ಸಾರುತ್ತಿದ್ದರೂ, ಆ ಪದದ ಪೂರ್ವಾರ್ಧಕ್ಕೆ ರೆಕ್ಕೆಯೆಂಬ ಅರ್ಥವೂ ಉಂಟೆಂಬುದನ್ನು ನೆನೆದಾಗ, ಕೋಳಿಯ ರೆಕ್ಕೆಯ ವಿನಾ ಅನ್ಯ ಮಾಂಸವನ್ನು ಕಣ್ಣೆತ್ತಿಯೂ ನೋಡದ ನಮ್ಮ ಭಾವನವರನ್ನು ಬೇರಾವ ಹೆಸರಿನಿಂದ ಕರೆಯಬೇಕೋ ನನಗೆ ತೋರದು. ಮಂಡ್ಯದ ಸೀಮೆಯಲ್ಲಿ ಹುಟ್ಟಿ, ನಾಟಿಕೋಳಿ ಸಾರು ಉಂಡು ಬೆಳೆದು, ಉದ್ಯೋಗನಿಮಿತ್ತ ಅಮೆರಿಕದ ಬಫಲೋ ನಗರದಲ್ಲಿ ನೆಲಸಿರುವ ಈ ಮಹನೀಯರು, ಊರಿನಲ್ಲಿದ್ದಾಗ ತಟ್ಟೆಗೆ ರೆಕ್ಕೆ ಬಿದ್ದರೆ ‘ತೊಡೆ ಯಾರ ಪಾಲಾಯಿತು?’ ಎಂದು ಅಡುಗೆಮನೆಯತ್ತ ಗುಡುಗುತ್ತಿದ್ದವರೇ; ಆದರೆ ಸ್ಥಳಮಹಾತ್ಮ್ಯವು ಮನುಷ್ಯನನ್ನು ಏನು ತಾನೆ ಮಾಡದು?

ಹೆಸರು ಕೇಳಿದರೆ ಕಾಡೆಮ್ಮೆ ನೆನಪಾಗುವ ಆ ಊರು ಪ್ರಖ್ಯಾತವಾದದ್ದು ಕೋಳಿಯಿಂದ. 1964ರಲ್ಲಿ ಅಲ್ಲಿಯ ಆಂಕರ್ ಬಾರಿನಲ್ಲಿ ತೆರೇಸಾ ಬೆಲ್ಲಿಸ್ಸಿಮೋ ಎಂಬಾಕೆ, ಅದುವರೆಗೆ ಸೂಪಿನ ಪಾತ್ರೆಗೆ ಮಾತ್ರ ಯೋಗ್ಯವೆನಿಸಿದ್ದ ರೆಕ್ಕೆಗಳನ್ನು ಹಿಟ್ಟು ಸೋಕಿಸದೆ ಎಣ್ಣೆಯಲ್ಲಿ ಕರಿದು, ಕೆಂಪು ಮೆಣಸಿನಕಾಯಿಯ ಹುಳಿಖಾರದ ಸಾಸಿನಲ್ಲಿ ಹೊರಳಿಸಿ, ಸೆಲರಿಯ ಕಡ್ಡಿ ಮತ್ತು ನೀಲಿ ಚೀಸಿನ ಗೊಜ್ಜಿನೊಡನೆ ಬಡಿಸಿದರೆಂಬುದು ಸ್ಥಳಪುರಾಣ. ಮಾಲು ತಪ್ಪಿ ಬಂದದ್ದೇ ಇದಕ್ಕೆ ಕಾರಣವೆಂದು ಗಂಡ ಫ್ರಾಂಕನೂ, ಶುಕ್ರವಾರದ ನಡುರಾತ್ರಿ ಹಸಿದು ಬಂದ ತನ್ನ ಗೆಳೆಯರೇ ಕಾರಣವೆಂದು ಮಗ ಡಾಮಿನಿಕನೂ ಹೇಳಿದ್ದರಿಂದ ಪುರಾಣಕ್ಕೆ ಎರಡು ಪಾಠಗಳಿವೆ. ಅದೇ ದಶಕದಲ್ಲಿ ಅದೇ ಊರಿನಲ್ಲಿ ಇಡೀ ರೆಕ್ಕೆಗೆ ಹಿಟ್ಟು ಲೇಪಿಸಿ ಕರಿದು ಮಾಂಬೋ ಸಾಸಿನೊಡನೆ ಮಾರುತ್ತಿದ್ದ ಜಾನ್ ಯಂಗ್, ಮೊದಲಿಗ ತಾನೇ ಎಂದು ವಾದಿಸಿದ್ದುಂಟು. ಈ ಪಾಠಭೇದಗಳನ್ನು ವಿವೇಚಿಸುವಾಗ ಭಾವನವರ ಮುಖದಲ್ಲಿ ಮೂಡುವ ಗಾಂಭೀರ್ಯವನ್ನು ನಾನು ಶಾಸನತಜ್ಞರಲ್ಲಿಯೂ ಕಂಡಿಲ್ಲ. 1977ರ ಜುಲೈ 29ನ್ನು ನಗರಾಡಳಿತವು ರೆಕ್ಕೆಯ ದಿನವೆಂದು ಘೋಷಿಸಿತ್ತೆಂಬ ಕಾರಣದಿಂದ, ಪ್ರತಿವರ್ಷ ಆ ದಿನ ಅವರು ಕಚೇರಿಗೆ ರಜೆ ಹಾಕುತ್ತಾರೆ. ಯುಗಾದಿಗೆ ಮಾತ್ರ ಹಾಕುವುದಿಲ್ಲ.

ಉತ್ತಮ ರೆಕ್ಕೆಯ ಅನ್ವೇಷಣೆಗೆ ಅವರ ಜೊತೆ ಹೊರಡುವವನು ಬೆಳಗಿನ ತಿಂಡಿಯನ್ನು ತೊರೆದಿರಬೇಕು. ಒಂದೇ ದಿನದಲ್ಲಿ ಆರು ಅಂಗಡಿ. ಒಂದೊಂದರಲ್ಲಿಯೂ ಹತ್ತು ರೆಕ್ಕೆ. ಭಾವನವರು ಮೊದಲು ಮೂಸುವರು. ಬಳಿಕ ಬೆಳಕಿಗೆ ಹಿಡಿದು ತಿರುಗಿಸುವರು. ಚರ್ಮವನ್ನು ಉಗುರಿನಿಂದ ತಟ್ಟಿ, ಮಡಕೆ ಕೊಳ್ಳುವ ಮುದುಕಿಯಂತೆ ಕಿವಿಗೊಟ್ಟು ಆಲಿಸುವರು. ಆಮೇಲೆ ಒಂದು ತುತ್ತು ಕಚ್ಚಿ, ಕಣ್ಣು ಮುಚ್ಚಿ, ಜೇಬಿನ ಪುಟ್ಟ ಪುಸ್ತಕದಲ್ಲಿ ಹತ್ತಕ್ಕೆ ಇಷ್ಟೆಂದು ಅಂಕ ಬರೆಯುವರು. ಹದಿನಾಲ್ಕು ವರ್ಷಗಳಲ್ಲಿ ಆರೂವರೆಯನ್ನು ದಾಟಿದ ರೆಕ್ಕೆಯಿಲ್ಲ. ಬಡಪಾಯಿ ಪರಿಚಾರಕನು ನೀಲಿ ಚೀಸಿನ ಬದಲು ರ‍್ಯಾಂಚ್ ಗೊಜ್ಜನ್ನು ತಂದಿಟ್ಟನೆಂದರೆ, ಶ್ರಾದ್ಧದೆಲೆಗೆ ಈರುಳ್ಳಿ ಬಡಿಸಿದಷ್ಟು ಕೋಲಾಹಲ. ರೆಕ್ಕೆಯಲ್ಲಿಯೂ, ಒಂದೇ ಮೂಳೆಯ ದುಂಡುಭಾಗವು ಶ್ರೇಷ್ಠವೋ ಎರಡು ಮೂಳೆಯ ಚಪ್ಪಟೆ ಭಾಗವೋ ಎಂದು ಆ ಊರಿನಲ್ಲಿ ಎರಡು ಪಕ್ಷಗಳುಂಟು. ಭಾವನವರು ಚಪ್ಪಟೆಯ ಪಕ್ಷ. ಅವರ ಏಕಮಾತ್ರ ಪುತ್ರನು ಹದಿನಾರನೆಯ ವಯಸ್ಸಿನಲ್ಲಿ ಪಕ್ಷಾಂತರ ಮಾಡಿದಂದಿನಿಂದ ತಂದೆಮಕ್ಕಳ ಮಾತು ಹವಾಮಾನಕ್ಕೆ ಸೀಮಿತವಾಗಿದೆ.

ಇಷ್ಟಾಗಿಯೂ ತೃಪ್ತಿಯಿಲ್ಲದೆ ತಾವೇ ಪಾಕಕ್ಕಿಳಿದರು. ನಾನು ಹೋಗಿದ್ದ ಶನಿವಾರ ನಮಗೆಲ್ಲ ಊಟದ ಕರೆ ಏಳು ಗಂಟೆಗೆ. ರೆಕ್ಕೆಗಳು ಹಿಂದಿನ ರಾತ್ರಿಯಿಂದಲೇ ಫ್ರಿಜ್ಜಿನೊಳಗೆ ಜಾಲರಿಯ ಮೇಲೆ ದಿಗಂಬರವಾಗಿ ಮಲಗಿದ್ದವು. ಚರ್ಮದ ತೇವ ಆರದೆ ಗರಿಗರಿ ಬಾರದೆಂಬುದು ಸಿದ್ಧಾಂತ.

“ಬೇಕಿಂಗ್ ಪೌಡರ್ ಸವರಿ ಒಲೆಯಲ್ಲಿ ಸುಡಬಹುದು ಕಣಯ್ಯ, ಕ್ಷಾರ ತಗುಲಿದರೆ ಚರ್ಮ ಬೇಗ ಕೆಂಪೇರುತ್ತೆ,” ಎಂದರು.

“ಹೋದ ಸಲ ಅದರ ಬದಲು ಅಡುಗೆ ಸೋಡಾ ಸವರಿದ್ದರು. ನಾವೆಲ್ಲ ಸೋಪು ತಿಂದ್ವಿ,” ಎಂದು ಅಕ್ಕ ಒಳಗಿನಿಂದಲೇ ಟಿಪ್ಪಣಿ ಸೇರಿಸಿದಳು.

ಈ ಸಲ ಎಣ್ಣೆಯೇ ಗತಿ. ಮೊದಲು ಹದವಾದ ಕಾವಿನಲ್ಲಿ ನಿಧಾನವಾಗಿ ಬೇಯಿಸಿ, ಕೀಲುಗಳ ನಾರು ಕರಗಿ ಮೆದುವಾದ ಬಳಿಕ ತೆಗೆದು ಆರಿಸಿ, ಮತ್ತೆ 190 ಡಿಗ್ರಿ ಸೆಲ್ಸಿಯಸ್ಸಿನ ಎಣ್ಣೆಗೆ ಬಿಡಬೇಕೆಂದು, ಉಷ್ಣಮಾಪಕವನ್ನು ಎಣ್ಣೆಯಲ್ಲದ್ದಿ ಹಿಡಿದು ಅವರು ನಿಂತ ಭಂಗಿಯು ಸನ್ನಿಪಾತ ರೋಗಿಯ ಬಳಿಯ ವೈದ್ಯನನ್ನು ಹೋಲುತ್ತಿತ್ತು. 188ಕ್ಕೆ ಅವರು ಒಪ್ಪಲಿಲ್ಲ. 193ಕ್ಕೆ ಒಲೆಯನ್ನೇ ಆರಿಸಿದರು. ಒಂಬತ್ತಕ್ಕೆ ಹೊಗೆಯ ಗಂಟೆ ಬಾರಿಸಿತು. ಹತ್ತಕ್ಕೆ ಅತಿಥಿಗಳಲ್ಲಿಬ್ಬರು ಮಗು ನಿದ್ರಿಸಿದೆಯೆಂಬ ನೆಪ ಹೇಳಿ ಎದ್ದರು.

ಅಷ್ಟರಲ್ಲಿ, ಭಾವನವರು ಅಪ್ರಯೋಜಕವೆಂದು ಕತ್ತರಿಸಿ ಎಸೆದಿದ್ದ ರೆಕ್ಕೆಯ ತುದಿಗಳನ್ನೆಲ್ಲ ಅಕ್ಕ ಸದ್ದಿಲ್ಲದೆ ಬಳಿದುಕೊಂಡು, ಮೆಣಸು ಕೊತ್ತಂಬರಿ ಅರೆದು ಹಾಕಿ ಸಾರು ಕಾಯಿಸಿ, ರಾಗಿಮುದ್ದೆ ತೊಳಸಿಟ್ಟಿದ್ದಳು. ನಾವೆಲ್ಲ ಅದನ್ನು ಉಂಡೆವು. ಹತ್ತೂವರೆಗೆ, ರೆಕ್ಕೆಗಳನ್ನು ಬೆಣ್ಣೆಸಾಸಿನಲ್ಲಿ ಹೊರಳಿಸಿ ತಂದ ಭಾವನವರು, ಒಂದನ್ನು ಕಚ್ಚಿ, ಕಣ್ಣು ಮುಚ್ಚಿ, ಪುಸ್ತಕದಲ್ಲಿ ‘ಆರು’ ಎಂದು ಬರೆದು, ಉಳಿದದ್ದನ್ನು ಪಕ್ಕಕ್ಕಿಟ್ಟು ಮುದ್ದೆ ಮುರಿದರು. ಸಾರನ್ನು ಎರಡನೆಯ ಸಲ ಹಾಕಿಸಿಕೊಳ್ಳುವಾಗ ಅದಕ್ಕೆಷ್ಟು ಅಂಕವೆಂದು ನಾನು ಕೇಳಿದೆ.

“ಇದು ರೆಕ್ಕೆ ಪುಸ್ತಕ ಕಣಯ್ಯ, ಸಾರಿಗೆ ಇದರಲ್ಲಿ ಜಾಗ ಇಲ್ಲ,” ಎಂದು ತಟ್ಟೆಯನ್ನು ಮತ್ತೆ ಅಕ್ಕನತ್ತ ಸರಿಸಿದರು.