ಕೋವಿಗೆ ಕುಂಕುಮ

ನಮ್ಮ ಎಡಮನೆಯಾತ ಬಲಪಂಥೀಯ, ಬಲಮನೆಯಾಕೆ ಎಡಪಂಥೀಯೆ. ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ ಈಶಾನ್ಯ ಮೂಲೆ ಅಳೆದೂ ಅಳೆದೂ ಮನೆ ಹಿಡಿದ ನನಗೆ ಇಂಥ ದಿಕ್ಕುಗಳೂ ಇವೆಯೆಂದು ವಾಸ್ತುವಿನವನು ಹೇಳಿರಲಿಲ್ಲ. ಹುಲ್ಲು ಒಂದಿಂಚು ಹೆಚ್ಚು ಬೆಳೆದರೆ ನೋಟಿಸು ಕೊಡುವ ಮನೆಮಾಲೀಕರ ಸಂಘವೂ ಚುನಾವಣೆಗೆ 90 ದಿನವಿದ್ದಾಗಿನಿಂದ ಅಂಗಳದ ಪ್ರಚಾರ ಫಲಕ ಮುಟ್ಟುವಂತಿಲ್ಲ. ಟೆಕ್ಸಸ್ಸಿನ ಕಾನೂನೇ ಹಾಗೆ. 2024ರ ಆಗಸ್ಟ್ ಬಂತು. ಎಡಕ್ಕೆ ಟ್ರಂಪ್, ಬಲಕ್ಕೆ ಹ್ಯಾರಿಸ್, ನಡುವೆ ನಮ್ಮ ತುಳಸಿ ಕುಂಡ.

ಇಬ್ಬರೂ ನನ್ನನ್ನು ಒಲಿಸಿಕೊಳ್ಳತೊಡಗಿದರು. ಎಚ್-1ಬಿ ವೀಸಾದವನಿಗೆ ವೋಟಿಲ್ಲವೆಂದು ನಾನೂ ಬಾಯಿಬಿಡಲಿಲ್ಲ. ಎಡದಿಂದ ಸುಟ್ಟ ಜೋಳ, ಬಲದಿಂದ ಬಾಳೆಹಣ್ಣಿನ ಬ್ರೆಡ್ಡು ಬರುತ್ತಿರುವಾಗ ಸತ್ಯಕ್ಕೇನು ಅವಸರ? ನಮ್ಮ ವೀಸಾದವರು ಬಂದೂಕನ್ನೂ ಇಟ್ಟುಕೊಳ್ಳುವಂತಿಲ್ಲ. ಆದರೆ ಬೇಟೆಯ ಲೈಸೆನ್ಸ್ ಇದ್ದರೆ ಅಡ್ಡಿಯಿಲ್ಲ. ಗ್ರೀನ್‌ಕಾರ್ಡ್ ಸಾಲಿನಲ್ಲಿ ತಲೆ ನರೆಯುತ್ತಿರುವವನಿಗೆ ಈ ದೇಶ ವೋಟು ಕೊಡದಿದ್ದರೂ ಕಾಡುಹಂದಿಯನ್ನು ಬಿಟ್ಟುಕೊಟ್ಟಿದೆ.

ಅಕ್ಟೋಬರಿನಲ್ಲಿ ಆಯುಧಪೂಜೆ. ಕ್ಯಾಮ್ರಿ ಕಾರಿಗೆ ಕುಂಕುಮವಿಡುತ್ತಿದ್ದಾಗ ಎಡಮನೆಯಾತ ಬೇಲಿಯಾಚೆಯಿಂದ ಇದೇನೆಂದು ಕೇಳಿದ. ಆಯುಧಗಳ ಹಬ್ಬ, ಮೈಸೂರು ಅರಮನೆಯಲ್ಲಿ ಪಟ್ಟದ ಕತ್ತಿಗೆ ಪೂಜೆಯಾಗುತ್ತದೆ ಎಂದು ಜಂಭದಿಂದ ಹೇಳಿದೆ. "ಒಂದೇ ನಿಮಿಷ" ಎಂದು ಒಳಗೋಡಿದವನು ಎಆರ್-15 ರೈಫಲ್ ಎತ್ತಿಕೊಂಡು ಬಂದ. ಮ್ಯಾಗಜೀನ್ ಕಳಚಿದ್ದ, ಒಳಗೆ ಗುಂಡಿಲ್ಲವೆಂದು ತೆರೆದು ತೋರಿಸಿದ, ಟೊಪ್ಪಿಗೆ ತೆಗೆದು ಚಪ್ಪಲಿ ಬಿಟ್ಟು ನಿಂತ. ಅಷ್ಟು ಮಡಿ ನನಗೂ ಇರಲಿಲ್ಲ.

"ಇದರ ಹಣೆ ಯಾವುದ್ರೀ?" ಎಂದಳು ಹೆಂಡತಿ. ನಳಿಕೆಯ ತುದಿ ಎಂದೆ ನಾನು. ಅದು ಬಾಯಿ ಎಂದಳು ಅವಳು. ಕುಂಕುಮ ಒಳಗೆ ಉದುರಿದರೆ ಕಷ್ಟ, ಹಿಡಿಕೆಗೆ ಇಡಿ ಎಂದ ಭಕ್ತ. ಕುಂಕುಮ ಹಚ್ಚುವುದು 'ವಶದಲ್ಲಿಟ್ಟುಕೊಂಡಂತೆ' ಆಗಿ ವೀಸಾಕ್ಕೆ ಕುತ್ತಾದೀತೆಂದು ಹೆದರಿ, ನೀನೇ ಹಿಡಿದುಕೊ ಮಾರಾಯ, ನಾವು ಬೆರಳಷ್ಟೇ ಸೋಕಿಸುತ್ತೇವೆ ಎಂದೆ. ದುರ್ಬೀನಿಗೆ ಸೇವಂತಿಗೆ ಬಿತ್ತು. ಗುಂಡುಗಳಿಗೆ ಬೇರೆ ಪೂಜೆಯುಂಟೋ ಎಂದು ಕೇಳಿದ. ಪರಿವಾರ ದೇವತೆಗಳು, ಒಂದೇ ಮಂಗಳಾರತಿ ಸಾಕೆಂದೆ. ಬೂದುಗುಂಬಳ ಸಿಗದೆ ಹ್ಯಾಲೋವೀನಿನ ಕುಂಬಳಕಾಯಿಗೇ ಕುಂಕುಮ ತುಂಬಿ ರಸ್ತೆಗೆ ಅಪ್ಪಳಿಸಿದೆ. ಹಾರಿದ ಕೆಂಪು ಬಲಮನೆಯಾಕೆಯ ಬಿಳಿ ನಾಯಿಯ ಮೇಲೆ ಬಿತ್ತು. ಆಕೆ ನಾಯಿಯನ್ನು ನೋಡಿದಳು, ಹೂ ಮುಡಿದ ರೈಫಲನ್ನು ನೋಡಿದಳು, ಗಂಟೆ ಹಿಡಿದ ನನ್ನನ್ನು ನೋಡಿದಳು.

ಬ್ರೆಡ್ಡು ನಿಂತಿತು.

ನಿಲ್ಲದೇನು? ಆಕೆ ಪ್ರಾಥಮಿಕ ಶಾಲೆಯ ಟೀಚರು. 2023ರ ಮೇ 6ರಂದು ಪಕ್ಕದ ಅಲೆನ್‌ನ ಮಾಲಿನಲ್ಲಿ ಎಂಟು ಜನರನ್ನು ಕೊಂದದ್ದು ಇದೇ ಜಾತಿಯ ರೈಫಲು. ನಮ್ಮ ಮನೆಯ ಅರ್ಧ ಚಪ್ಪಲಿಗಳು ಆ ಮಾಲಿನವೇ. ಒಂದನೇ ಕ್ಲಾಸಿನ ಮಗಳಿಗೆ ದೀಪ ಮಿನುಗುವ ಶೂ ಕೊಡಿಸಹೋದರೆ ಬೇಡವೆಂದಿದ್ದಳು: ಶಾಲೆಗೆ ಬಂದೂಕಿನವನು ನುಗ್ಗಿದರೆಂದು ಮಾಡಿಸುವ ಅಡಗಿಕೊಳ್ಳುವ ಡ್ರಿಲ್ಲಿನಲ್ಲಿ ಕತ್ತಲೆಯಲ್ಲಿ ಅದು ಕಾಣುತ್ತದಂತೆ.

ಆ ಶೂ ಕಥೆಯನ್ನು ಎಡಮನೆಯಾತನಿಗೆ ಹೇಳಿದೆ, ಸ್ವಲ್ಪ ಸಿಟ್ಟಿನಿಂದಲೇ. ಅವನ ಮುಖ ನಿಜಕ್ಕೂ ಕಂದಿತು. ಆಮೇಲೆ, ಟೀಚರುಗಳ ಕೈಗೇ ಬಂದೂಕು ಕೊಡಬೇಕೆಂದ. 2013ರಿಂದ ಟೆಕ್ಸಸ್ಸಿನಲ್ಲಿ ಅದಕ್ಕೂ ಕಾನೂನಿದೆ. ನಾಯಿಯ ಕ್ಷಮೆ ಕೇಳಲು ಹೋದವನು ಈ ಮಾತನ್ನೂ ಬಲಮನೆಗೆ ದಾಟಿಸಿದೆ.

"ಬಂದೂಕು ಆಮೇಲೆ ಕೊಡಲಿ," ಎಂದಳಾಕೆ, "ಕ್ಲಾಸಿನ ಬಣ್ಣದ ಪೆನ್ಸಿಲ್ಲಿಗೆ ಈ ವರ್ಷವೂ ನನ್ನ ಸಂಬಳದ ದುಡ್ಡೇ ಹೋಗಿದೆ."