ತಲೆಯಾಡಿಸುವ ಕಲೆ

2023ರ ಮಾರ್ಚಿನಲ್ಲಿ ಪ್ರಧಾನಿಯವರು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಗೆ ಬಂದು ಬೆಂಗಳೂರು–ಮೈಸೂರು ದಶಪಥವನ್ನು ಲೋಕಾರ್ಪಣೆ ಮಾಡಿ ಹೋದರು. ಆ ರಸ್ತೆಯ ಬೆನ್ನಿಗೇ ನಮ್ಮ ಸೀಮೆಗೆ ಇನ್ನೊಂದು ವಸ್ತುವೂ ಬಂತು. ಯಾವ ಪತ್ರಿಕೆಯೂ ಅದನ್ನು ವರದಿ ಮಾಡಲಿಲ್ಲ. ಅದರ ಹೆಸರು ಕಲಾಭಿರುಚಿ. ಜಮೀನು ಹೋಯಿತು, ಪರಿಹಾರ ಬಂತು, ಪರಿಹಾರದಲ್ಲಿ ಮನೆ ಎದ್ದಿತು. ಮನೆ ಎಂದ ಮೇಲೆ ಗೋಡೆ ಇರಲೇಬೇಕು. ಗೋಡೆ ಬರಿದಾಗಿದ್ದರೆ ಇಂಟೀರಿಯರ್ ಡಿಸೈನರ್‌ಗೆ ನಿದ್ದೆ ಬರುವುದಿಲ್ಲ. ಆತ ಅದೇ ಹೊಸ ರಸ್ತೆಯಲ್ಲಿ ಟೋಲ್ ಕಟ್ಟಿ ಬಂದ. ಹಾಲ್‌ನ ಗೋಡೆಗೆ ಏಳು ಬಿಳಿ ಕುದುರೆ, ಮೆಟ್ಟಿಲ ಕೆಳಗೆ ಅರ್ಧ ಮುಖದ ಬುದ್ಧ, ಊಟದ ಮನೆಗೆ ಯಾರೂ ಯಾವತ್ತೂ ತಿಂದಿರದ ಹಣ್ಣುಗಳ ಬುಟ್ಟಿ. ಮದ್ದೂರಿನಿಂದ ಬೆಸಗರಹಳ್ಳಿಯವರೆಗೆ ಯಾವ ಹೊಸ ಮನೆಯ ಬಾಗಿಲು ತಟ್ಟಿದರೂ ಈ ಏಳು ಕುದುರೆಗಳು ನಿಮ್ಮ ಮೇಲೇ ನುಗ್ಗಿ ಬರುತ್ತವೆ. ಚಿತ್ರ ಚೆನ್ನಾಗಿದೆಯೇ ಎಂದು ಕೇಳಿದರೆ ಮನೆಯವರು, "ಅದು ಗೊತ್ತಿಲ್ಲ, ದಿಕ್ಕು ಸರಿಯಾಗಿದೆಯಂತೆ" ಎನ್ನುತ್ತಾರೆ. ಜೋಯಿಸರು ಒಪ್ಪಿದ ಮೇಲೆ ವಿಮರ್ಶಕರು ಯಾಕೆ ಬೇಕು?

ನಗುವುದು ಸುಲಭ. ಆದರೆ ಈ ಮನೆಯವರಿಗೆ ಚಿತ್ರ ನೋಡುವುದನ್ನು ಯಾರು ಯಾವಾಗ ಕಲಿಸಿದ್ದರು? ಶಾಲೆಯಲ್ಲಿ ಡ್ರಾಯಿಂಗ್ ಪೀರಿಯಡ್ ಎಂದು ಟೈಮ್ ಟೇಬಲ್‌ನಲ್ಲಿ ಇರುತ್ತಿತ್ತು. ಗಣಿತದ ಮೇಷ್ಟ್ರಿಗೆ ಪಾಠ ಮುಗಿಯದಿದ್ದಾಗ ಅದು ಅವರ ಪಾಲಿಗೆ ಹೋಗುತ್ತಿತ್ತು, ಮತ್ತು ಗಣಿತದ ಪಾಠ ಎಂದೂ ಮುಗಿಯುತ್ತಿರಲಿಲ್ಲ. ಅಪ್ಪಿತಪ್ಪಿ ಮಕ್ಕಳ ಕೈಗೆ ಬಣ್ಣ ಸಿಕ್ಕ ದಿನ ಎಲ್ಲರೂ ಒಂದೇ ಚಿತ್ರ ಬರೆಯುತ್ತಿದ್ದರು: ಎರಡು ಬೆಟ್ಟ, ನಡುವೆ ಸೂರ್ಯ, ಬೆಟ್ಟದಿಂದ ಇಳಿಯುವ ಹೊಳೆ, ಆಕಾಶದಲ್ಲಿ ಮಗುಚಿಬಿದ್ದ ಮೂರರಂಥ ಹಕ್ಕಿಗಳು. ಆಲೆಮನೆಯ ಹೊಗೆ, ಕಬ್ಬು ಹೇರಿದ ಗಾಡಿ, ನಾಲೆಯ ಏರಿ ಇವನ್ನೆಲ್ಲ ದಾಟಿಕೊಂಡು ಶಾಲೆಗೆ ಬಂದ ಹುಡುಗ ಅವುಗಳಲ್ಲಿ ಒಂದನ್ನೂ ಬರೆಯುವುದಿಲ್ಲ. ತಾನು ಕಂಡೇ ಇರದ ಬೆಟ್ಟ ಬರೆದು ಹತ್ತಕ್ಕೆ ಎಂಟು ಅಂಕ ತೆಗೆದುಕೊಳ್ಳುತ್ತಾನೆ. ಕಣ್ಣೆದುರು ಇರುವುದನ್ನು ನೋಡಬಾರದು, ಬರೆಯಬೇಕಾದದ್ದನ್ನು ಬರೆಯಬೇಕು ಎಂಬ ಪಾಠ ಅಲ್ಲಿಗೆ ಗಟ್ಟಿಯಾಗುತ್ತದೆ. ಆ ಹುಡುಗನೇ ಬೆಳೆದು ಏಳು ಕುದುರೆ ಕೊಳ್ಳುವುದು.

ಶಾಲೆ ಬಿಟ್ಟರೆ ನಮ್ಮ ಕಲಾಗುರು ಕ್ಯಾಲೆಂಡರು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಶಿಲಾಮುದ್ರಣದ ಪ್ರೆಸ್ ಹಾಕಿದ; ಆಮೇಲೆ ಅದು ಮಳವಲಿಗೆ ಹೋಯಿತು. ನಮ್ಮ ಮಳವಳ್ಳಿಗಲ್ಲ, ಹೆಮ್ಮೆಪಡಬೇಡಿ. ಲೋನಾವಳದ ಹತ್ತಿರದ ಮಳವಲಿಗೆ. ಅಲ್ಲಿ ಅಚ್ಚಾದ ಲಕ್ಷ್ಮಿ, ಸರಸ್ವತಿಯರು ನಮ್ಮ ದೇವರ ಮನೆಗಳಿಗೂ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಕ್ಕೂ ಬಂದು ಕೂತರು. ಅಂದಿನಿಂದ ನಮಗೆ ಚಿತ್ರವೆಂದರೆ ರವಿವರ್ಮ, ರವಿವರ್ಮ ಎಂದರೆ ಚಿತ್ರ. ಪುರಾವೆ ಬೇಕಿದ್ದರೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ. ಕತ್ತಲೆ ಮಾಡಿದ ಕೋಣೆಯಲ್ಲಿ ದೀಪ ಹಿಡಿದ ಹೆಣ್ಣು ನಿಂತಿದ್ದಾಳೆ. ಜನ ಸಾಲುಗಟ್ಟಿ ಬಂದು, "ಆಹಾ, ರವಿವರ್ಮ ಅಂದ್ರೆ ರವಿವರ್ಮನೇ" ಎಂದು ತಲೆಯಾಡಿಸಿ ಮುಂದೆ ಹೋಗುತ್ತಾರೆ. ಅದನ್ನು ಬರೆದವರು ಸಾವಂತವಾಡಿಯ ಎಸ್.ಎಲ್. ಹಳದಣಕರ್, ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ, ಕಾಲ 1940ರ ದಶಕ. 1906ರಲ್ಲೇ ತೀರಿಕೊಂಡ ರವಿವರ್ಮ ಈ ಒಂದು ಚಿತ್ರಕ್ಕಾಗಿ ವಾಪಸು ಬಂದಿದ್ದನೆಂದು ನಂಬುವುದರಲ್ಲಿ ನಮಗೆ ಯಾವ ತೊಂದರೆಯೂ ಇಲ್ಲ. ಅದಕ್ಕಿಂತ ಕುತೂಹಲದ ಸಂಗತಿ ಬೇರೆ ಇದೆ: ಅದು ಜಲವರ್ಣ. ಜಲವರ್ಣದಲ್ಲಿ ಒಂದು ಸಲ ಇಟ್ಟ ಬಣ್ಣವನ್ನು ಎಣ್ಣೆಬಣ್ಣದ ಹಾಗೆ ಮುಚ್ಚಿ ತಿದ್ದುವುದು ಕಷ್ಟ. ಬೆಳಕು ಬೇಕಾದ ಕಡೆ ಕಾಗದವನ್ನೇ ಉಳಿಸಿಕೊಳ್ಳಬೇಕು. ಬೆರಳುಗಳ ಸಂದಿಯಿಂದ ಸೋಸಿ ಬರುವ ಆ ಕೆಂಪು ಬೆಳಕಿನಲ್ಲಿ ಎಷ್ಟನ್ನು ಬರೆದಿದ್ದಾರೆ, ಎಷ್ಟನ್ನು ಬರೆಯದೆ ಬಿಟ್ಟಿದ್ದಾರೆ ಎಂದು ಒಂದು ನಿಮಿಷ ನಿಂತು ನೋಡುವವನಿಗೆ ಹಿಂದಿನವನು ಮೊಣಕೈಯಲ್ಲಿ ತಿವಿಯುತ್ತಾನೆ: "ಮುಂದೆ ಹೋಗ್ರಿ ಸ್ವಾಮಿ."

ಕ್ಯಾಲೆಂಡರಿನಿಂದ ಬಡ್ತಿ ಪಡೆದವರು ಚಿತ್ರಸಂತೆಗೆ ಹೋಗುತ್ತಾರೆ. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಶುರು ಮಾಡಿದ ಈ ಸಂತೆಗೆ ಜನವರಿಯ ಒಂದು ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಯೇ ಗ್ಯಾಲರಿಯಾಗುತ್ತದೆ. ಕಲೆಯನ್ನು ಬೀದಿಗೆ ತಂದ ಪರಿಷತ್ತಿಗೆ ಕೈ ಮುಗಿಯಬೇಕು. ಬಂದವರ ಕಷ್ಟ ಮಾತ್ರ ನೋಡುವಂಥದ್ದು. ಚಿತ್ರದ ಮುಂದೆ ನಿಂತರೆ ಏನಾದರೂ ಅನ್ನಲೇಬೇಕಲ್ಲ! ಹೊಸಬರಿಗೆ ಮೂರೇ ವಾಕ್ಯ ಗೊತ್ತು. "ಎಷ್ಟು?" ಮೊದಲನೆಯದು. "ಇಷ್ಟಾ?" ಎರಡನೆಯದು. "ಇದನ್ನ ನಮ್ಮ ಪಾಪೂನೂ ಬರೀತಾನೆ" ಮೂರನೆಯದು. ಒಂದಷ್ಟು ಪಳಗಿದವರು ಈ ಮೂರನ್ನೂ ಬಿಟ್ಟು ತಲೆ ಒಂದು ಕಡೆ ವಾಲಿಸಿ, ಕಣ್ಣು ಕಿರಿದು ಮಾಡಿ, "ಸ್ಪೇಸ್ ಚೆನ್ನಾಗಿ ಹ್ಯಾಂಡಲ್ ಮಾಡಿದಾರೆ" ಎನ್ನುತ್ತಾರೆ. ಇದನ್ನು ಖಾಲಿ ಕ್ಯಾನ್ವಾಸಿನ ಮುಂದೆಯೂ ಧೈರ್ಯವಾಗಿ ಹೇಳಬಹುದು. ಅಲ್ಲಿ ಇನ್ನೂ ಹೆಚ್ಚು ಸತ್ಯವಾಗುತ್ತದೆ. ಇನ್ನೂ ಪಳಗಿದವರು ಏನೂ ಅನ್ನುವುದಿಲ್ಲ, ಬರಿದೆ ತಲೆಯಾಡಿಸುತ್ತಾರೆ. ಅವರಿಗೆ ಮುಂದಿನ ವರ್ಷ ಉದ್ಘಾಟನೆಗೆ ಕರೆ ಬರುತ್ತದೆ.

ಈ ತಲೆಯಾಡಿಸುವ ರೋಗ ಎಲ್ಲಿಯವರೆಗೆ ಹಬ್ಬಿದೆ ಎನ್ನುವುದು ನನಗೆ ಗೊತ್ತಾದದ್ದು ಬೆಸಗರಹಳ್ಳಿ ಕಡೆಯ ಒಂದು ಗೃಹಪ್ರವೇಶದಲ್ಲಿ. ಹಾಲ್‌ನ ಸೋಫಾದಲ್ಲಿ ಮನೆ ಯಜಮಾನರ ದೊಡ್ಡಪ್ಪ ಕೂತಿದ್ದರು. ವಯಸ್ಸೆಲ್ಲ ಹಳ್ಳಿಕಾರ್ ಹೋರಿಗಳ ಜೊತೆ ಕಳೆದವರು. ಬೇಬಿ ಬೆಟ್ಟದ ಜಾತ್ರೆಯಲ್ಲಿ ಒಂದು ಜೋಡಿಯ ಸುತ್ತ ಬೆಳಗ್ಗೆಯಿಂದ ಮಧ್ಯಾಹ್ನದವರೆಗೂ ಸುತ್ತುವ ಪೈಕಿ: ಹಲ್ಲು, ಸುಳಿ, ಕೊಂಬಿನ ತಿರುವು, ಹಿಣಿಲು, ಗೊರಸು, ನಡಿಗೆ. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುವವರು. (ದೊಡ್ಡ ಗ್ಯಾಲರಿಗಳಲ್ಲೂ ಬೆಲೆಯನ್ನು ಬಹಿರಂಗವಾಗಿ ಹೇಳುವುದಿಲ್ಲ; ಅಲ್ಲಿ ಟವೆಲ್ ಇಲ್ಲ, ಅಷ್ಟೇ.) ದೊಡ್ಡಪ್ಪ ಏಳು ಕುದುರೆಗಳನ್ನೇ ನೋಡುತ್ತಿದ್ದರು.

"ಇದ್ಯಾರ್ಲಾ ಮಗಾ ಬರ್ದಿರೋದು?"

"ಗೊತ್ತಿಲ್ಲ ದೊಡ್ಡಪ್ಪ, ಬೆಂಗ್ಳೂರಿಂದ ತರ್ಸವ್ರೆ."

"ಬರ್ದೋನು ಕುದ್ರೆ ಸಾಕ್ದೋನಲ್ಲ ಕಣ್ಲಾ. ಏಳಕ್ಕೂ ಒಂದೇ ಮಖ. ಒಂದೇ ಹಸೀನ ಕರ ಆದ್ರೂ ಒಸಿ ಯತ್ವಾಸ ಇರ್ತದೆ. ಕಾಲು ಎಣಿಸ್ನೋಡು, ಲೆಕ್ಕಕ್ಕೇ ಬರಾಕಿಲ್ಲ. ಮುಂಗಾಲು ಮುಂದಕ್ಕೆ ಚಾಚವೆ, ಹಿಂಗಾಲು ಹಿಂದಕ್ಕೆ ಚಾಚವೆ. ಹಂಗೆ ಓಡುದ್ರೆ ಹೊಟ್ಟೆ ನೆಲಕ್ಕೆ ಬೀಳಾಕಿಲ್ವಾ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅಂದರು: "ಆದ್ರೂ ಓಡೋ ಹಂಗೇ ಕಾಣ್ತದಲ್ಲ! ಅದೆಂಗ್ಲಾ ಮಾಡ್ದ ಅವ್ನು?"

ಅಷ್ಟರಲ್ಲಿ ಡಿಸೈನರ್ ಬಂದು, "ಹೇಗಿದೆ ಅಂಕಲ್ ಪೇಂಟಿಂಗು?" ಎಂದ. ದೊಡ್ಡಪ್ಪ ತಕ್ಷಣ ನೆಟ್ಟಗೆ ಕೂತು, "ಭಾಳ ಚೆನ್ನಾಗದೆ ಕಣಪ್ಪ. ನಮ್ಗೆ ಇದೆಲ್ಲ ಎಲ್ಲಿ ತಿಳೀತದೆ" ಎಂದು ತಲೆಯಾಡಿಸಿಬಿಟ್ಟರು.

ತಿಳಿಯುವುದಿಲ್ಲ ಎಂದ ಆ ಮನುಷ್ಯ ಅರ್ಧ ಗಳಿಗೆಯಲ್ಲಿ ಯೂರೋಪಿನ ಕಲಾಚರಿತ್ರೆಯ ಒಂದು ದೊಡ್ಡ ಜಗಳವನ್ನು ಇತ್ಯರ್ಥ ಮಾಡಿದ್ದರು. ಫ್ರೆಂಚ್ ಚಿತ್ರಕಾರ ಜೆರಿಕೋ 1821ರಲ್ಲಿ ಬರೆದ ಎಪ್ಸಮ್ ಕುದುರೆ ಪಂದ್ಯದ ಚಿತ್ರದಲ್ಲಿ ಕುದುರೆಗಳು ನಾಲ್ಕೂ ಕಾಲು ಚಾಚಿ ಗಾಳಿಯಲ್ಲಿ ತೇಲುತ್ತವೆ. 1878ರಲ್ಲಿ ಮೈಬ್ರಿಜ್ ಎಂಬಾತ ಅಮೆರಿಕದಲ್ಲಿ ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು ಓಡುವ ಕುದುರೆಯ ಒಂದೊಂದು ಹೆಜ್ಜೆಯನ್ನೂ ಹಿಡಿದ. ನಾಲ್ಕೂ ಗೊರಸು ನೆಲ ಬಿಡುವುದು ನಿಜ. ಆದರೆ ಆ ಕ್ಷಣದಲ್ಲಿ ಕಾಲುಗಳು ಹೊಟ್ಟೆಯ ಕೆಳಗೆ ಮಡಚಿಕೊಂಡಿರುತ್ತವೆ, ಚಾಚಿಕೊಂಡಿರುವುದಿಲ್ಲ. ಚಿತ್ರಕಾರರೆಲ್ಲ ತಪ್ಪು ಬರೆದಿದ್ದಾರೆ ಎಂದು ಗುಲ್ಲೆದ್ದಿತು. ಆಮೇಲೆ ಶಿಲ್ಪಿ ರೋಡಾನ್ ತಿರುಗಿಬಿದ್ದ: ಫೋಟೋ ಓಟವನ್ನು ನಿಲ್ಲಿಸಿಬಿಡುತ್ತದೆ, ನಮ್ಮ ಕಣ್ಣಿಗೆ ಕಾಲ ಎಂದೂ ಹಾಗೆ ನಿಲ್ಲುವುದಿಲ್ಲ, ಆದ್ದರಿಂದ ಚಿತ್ರಕಾರನೇ ಸರಿ ಎಂಬುದು ಅವನ ವಾದ. ದೊಡ್ಡಪ್ಪನ ಮೊದಲ ಮಾತು ಮೈಬ್ರಿಜ್, ಎರಡನೆಯದು ರೋಡಾನ್. ಮೂರನೆಯದು ಮಾತ್ರ ನಾವು ಅವರಿಗೆ ಹೇಳಿಕೊಟ್ಟದ್ದು.

ಬೆಸಗರಹಳ್ಳಿ ಎಂದರೆ ಓದುವವರಿಗೆ ಡಾಕ್ಟರ್ ರಾಮಣ್ಣನವರ ಕತೆಗಳ ನೆನಪು. ವೈದ್ಯರಾಗಿದ್ದುಕೊಂಡು ಈ ಸೀಮೆಯ ಬಡವರ ಬದುಕನ್ನು ಅವರದೇ ಮಾತಿನಲ್ಲಿ ಬರೆದವರು. ಅವರ ಕತೆ ಓದಿ ನಮ್ಮ ಕಡೆಯ ಯಾವನೂ "ನನಗೆ ಸಾಹಿತ್ಯ ತಿಳಿಯೋಲ್ಲ" ಎಂದು ಕೈ ಚೆಲ್ಲುವುದಿಲ್ಲ. "ಈ ಗೌಡ ಹಂಗೆ ಮಾತಾಡಾಕಿಲ್ಲ ಬುಡು" ಎಂದೋ, "ಈ ಮುದುಕಿ ನಮ್ಮತ್ತೇನೇ ಕಣ್ಲಾ" ಎಂದೋ ಜಗಳಕ್ಕೇ ನಿಲ್ಲುತ್ತಾನೆ. ಕತೆಯ ಮುಂದೆ ಇಷ್ಟು ಜೋರಿರುವವನು ಚಿತ್ರದ ಮುಂದೆ ಮಾತ್ರ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವನಂತೆ ಬೆವರುತ್ತಾನೆ. ಅದೇ ಕಣ್ಣು ಚಿತ್ರಕ್ಕೂ ಆದೀತು ಎಂದು ಅವನಿಗೆ ಯಾರೂ ಹೇಳಿಲ್ಲ. ಹೇಳಿಬಿಟ್ಟರೆ ಕಲೆ ತಿಳಿಸಿಕೊಡುವವರ ವ್ಯಾಪಾರ ನಡೆಯಬೇಕಲ್ಲ!

ಕಲಾರಸಗ್ರಹಣ ಶಿಬಿರವೆಂದು ಫೀಸು ಕಟ್ಟಿ ಬೆಂಗಳೂರಿಗೆ ಹೋಗುವವರು ದಾರಿಯಲ್ಲಿ ಮದ್ದೂರಿನಲ್ಲಿ ಇಳಿಯುವುದು ವಡೆಗೆ ಮಾತ್ರ. ಅಲ್ಲೇ ಉಗ್ರನರಸಿಂಹನ ಪಕ್ಕದ ಗುಡಿಯಲ್ಲಿ ಸುಮಾರು 12 ಅಡಿ ಎತ್ತರದ ವರದರಾಜ ನಿಂತಿದ್ದಾನೆ. ಹೊಯ್ಸಳ ವಿಷ್ಣುವರ್ಧನನ ತಾಯಿಗೆ ಕಣ್ಣು ಕಾಣದಾಯಿತಂತೆ. ಕಂಚಿಯವರೆಗೆ ಹೋಗಲಾರದ ಅವಳಿಗಾಗಿ ಮಗ ಕಂಚಿಯ ವರದರಾಜನನ್ನು ಇಲ್ಲೇ ಕಡೆಸಿ ನಿಲ್ಲಿಸಿದನಂತೆ. ನೋಡಿದೊಡನೆ ದೃಷ್ಟಿ ಬಂತಂತೆ. ಅದಕ್ಕೇ ನೇತ್ರನಾರಾಯಣ ಎಂಬ ಹೆಸರು. ಐತಿಹ್ಯ ಹಾಗಿರಲಿ, ಅಲ್ಲಾಳನಾಥನೆಂದೂ ಕರೆಯುವ ಅವನ ಬಗ್ಗೆ ಒಂದು ಗಾದೆಯಿದೆ: ಎಲ್ಲಾ ದೇವರನ್ನು ಮುಂದೆ ನೋಡು, ಅಲ್ಲಾಳನಾಥನನ್ನು ಹಿಂದೆ ನೋಡು. ಶಿಲ್ಪಿ ಬೆನ್ನಿನ ಕಡೆಗೂ ಅಷ್ಟೇ ಮನಸ್ಸಿಟ್ಟು ಕೆತ್ತಿದ್ದಾನೆ. ಮಂಗಳಾರತಿಯ ತಟ್ಟೆ ಬರದ ಜಾಗಕ್ಕೂ ಒಬ್ಬ ದುಡಿದಿದ್ದಾನೆ ಎಂದು ಯಾರೋ ಹಿಂದಕ್ಕೆ ಸುತ್ತಿಬಂದು ನೋಡಿ, ಊರಿಗೆಲ್ಲ ಸಾರಿದ್ದಾನೆ. ಶಿಲ್ಪವನ್ನು ಸುತ್ತಿ ನೋಡಬೇಕು ಎಂದು ಶಿಬಿರದಲ್ಲಿ ಮೊದಲ ದಿನ ಹೇಳಿಕೊಡುವುದೂ ಇದನ್ನೇ. ಫೀಸಿನಲ್ಲಿ ಕಾಫಿ ಸೇರಿರುತ್ತದೆ ಎನ್ನುವುದೊಂದೇ ಹೆಚ್ಚಳ.

ಇನ್ನೂ ಸಂಶಯವಿದ್ದರೆ ನಮ್ಮ ಜಿಲ್ಲೆಯದೇ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ. ಪಶ್ಚಿಮದ ಗೋಡೆಯ ತುಂಬ 1780ರ ಪೊಲ್ಲಿಲೂರು ಯುದ್ಧ, ಅಂದರೆ ಹೈದರ್ ಮತ್ತು ಟಿಪ್ಪು ಸೇರಿ ಕಂಪನಿಯ ಸೈನ್ಯವನ್ನು ಬಡಿದುಹಾಕಿದ ಕತೆ. ಗೈಡ್ ಇಸವಿ ಹೇಳುತ್ತಾನೆ, ಜನ ಸೆಲ್ಫಿ ತೆಗೆದುಕೊಳ್ಳುತ್ತಾರೆ. ನೀವು ಇಸವಿ ಬಿಟ್ಟು ಮೀಸೆ ನೋಡಿ. ಮೈಸೂರಿನವರಿಗೆ ಮೀಸೆ ಇದೆ. ಅವರ ಜೊತೆಗಾರರಾದ ಫ್ರೆಂಚರಿಗೂ ಮೀಸೆ ಇದೆ. ಇಂಗ್ಲಿಷರಿಗೆ ಇಲ್ಲ, ನುಣ್ಣನೆಯ ಮುಖ. ಅವರ ಕರ್ನಲ್ ಬೇಯ್ಲಿ ಚೌಕಟ್ಟಾಗಿ ನಿಂತ ಸಿಪಾಯಿಗಳ ನಡುವೆ ಪಲ್ಲಕ್ಕಿಯಲ್ಲಿ ಬಾಯಿಗೆ ಬೆರಳಿಟ್ಟು ಕೂತಿದ್ದಾನೆ. ಪಕ್ಕದಲ್ಲಿ ಮದ್ದಿನ ಬಂಡಿ ಸಿಡಿಯುತ್ತಿದೆ. ಗೆದ್ದವರು ಯಾರೆಂದು ಬರಹವೇ ಬೇಡದಂತೆ ಚಿತ್ರಕಾರ ಕುಂಚದ ಒಂದೊಂದು ಎಳೆತದಲ್ಲಿ ಹೇಳಿ ಮುಗಿಸಿದ್ದಾನೆ. ಮೀಸೆಯ ಬೆಲೆ ಗೊತ್ತಿರುವ ಮಂಡ್ಯದವರಿಗೆ ಈ ಚಿತ್ರ ಅರ್ಥವಾಗಲು ಯಾವ ಪದವಿ ಬೇಕು? ಅದೇ ಕೈ ನಮ್ಮ ಕಡೆ ವಾಲಿದೆ, ಸೋತವರನ್ನು ಆಡಿಕೊಂಡಿದೆ ಎಂಬುದೂ ಕಾಣಬೇಕು. ಇವತ್ತಿನ ಹುಟ್ಟುಹಬ್ಬದ ಫ್ಲೆಕ್ಸ್‌ನಲ್ಲಿ ನಾಯಕರ ಮುಖ ಗಾಡಿಚಕ್ರದಷ್ಟು, ಹಿಂಬಾಲಕರ ಮುಖ ಸ್ಟ್ಯಾಂಪಿನಷ್ಟು ಇರುವುದು ಯಾಕೆಂದು ಆಗ ತಾನೇ ತಿಳಿಯುತ್ತದೆ. ಚಿತ್ರ ಓದಲು ಬಂದವನ ಓಟು ಸುಲಭಕ್ಕೆ ಸಿಗುವುದಿಲ್ಲ. ಡ್ರಾಯಿಂಗ್ ಪೀರಿಯಡ್ಡನ್ನು ಗಣಿತದ ಮೇಷ್ಟ್ರಿಗೆ ಬಿಟ್ಟುಕೊಟ್ಟದ್ದರ ಹಿಂದೆ ದೂರದೃಷ್ಟಿ ಇದ್ದೀತು.

ಹೊಸದಾಗಿ ಚಿತ್ರ ನೋಡಲು ಹೊರಟವರಿಗೆ ನನ್ನದೊಂದೇ ಸಲಹೆ. ಕಲಾವಿದನ ಹೆಸರು, ಬೆಲೆ, ದಿಕ್ಕು ಈ ಮೂರನ್ನೂ ಕೇಳುವ ಮೊದಲು ಚಿತ್ರದ ಮುಂದೆ ಒಂದು ಹೋರಿಗೆ ಕೊಡುವಷ್ಟು ಹೊತ್ತು ಕೊಡಿ. ಆಮೇಲೆ ಬಾಯಿಬಿಟ್ಟು, "ಇದು ಹಿಡಿಸಿತು, ಯಾಕಂದ್ರೆ" ಎಂದೋ, "ಹಿಡಿಸಲಿಲ್ಲ, ಯಾಕಂದ್ರೆ" ಎಂದೋ ಶುರುಮಾಡಿ. ಆ 'ಯಾಕಂದ್ರೆ' ಆದಮೇಲೆ ಬರುವ ಮಾತು ಎಷ್ಟೇ ಒರಟಾಗಿರಲಿ, ಅದು ನಿಮ್ಮದು. ಎಷ್ಟು ತಿಣುಕಿದರೂ ಏನೂ ಬರದೆ ತಲೆ ಮಾತ್ರ ತಾನಾಗಿ ಆಡುತ್ತಿದ್ದರೆ ಅಂಜಬೇಡಿ. ಊರ ಸರ್ಕಲ್ಲಿನ ಪ್ರತಿಮೆ ಆರಿಸುವ ಸಮಿತಿಯಲ್ಲಿ ಅಂಥವರಿಗೆ ಒಂದು ಕುರ್ಚಿ ಯಾವಾಗಲೂ ಖಾಲಿ ಇರುತ್ತದೆ.